ಹೊಸ ಮನೆಗೆ ಯಾವ ಒಲೆ? ಗುರುವಾರ ಗ್ರಾನೈಟ್‌ನವನು ಬರುತ್ತಾನೆ, ಬೇಗ ಹೇಳಿ

ಸೇಡಂ ರೋಡ್ ಹೊಸಮನೆ | ಭಾನುವಾರ, ರಾತ್ರಿ 9.40

ಎಲ್ಲರಿಗೂ ಶರಣು.

ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆ ಮನೆ ಕಟ್ಟಿಸುತ್ತಿದ್ದೇನೆ. ಪ್ಲಾಸ್ಟರ್ ಮುಗಿದಿದೆ. ಅಡುಗೆ ಕಟ್ಟೆಗೆ ಗ್ರಾನೈಟ್ ಕೂರಿಸುವವನು ಗುರುವಾರ ಬರುತ್ತಾನೆ. ನಿನ್ನೆ ಫೋನ್ ಮಾಡಿ ಒಂದೇ ಮಾತು ಕೇಳಿದ: "ಸಾಹೇಬ್ರ, ಒಲಿ ಕೂಡ್ಸಾಕ ಕಲ್ಲು ಕೊರೀಲೋ ಬ್ಯಾಡೋ?" ಉತ್ತರ ಕೊಡಲು ಆಗಲಿಲ್ಲ.

ಮನೆಯಲ್ಲಿ ಐದು ಜನ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅವ್ವ. ಅವ್ವ ಚಿತ್ತಾಪುರ ಕಡೆಯವಳು, ವಯಸ್ಸು ಎಪ್ಪತ್ತರ ಹತ್ತಿರ. ಎರಡು ಹೊತ್ತೂ ಜೋಳದ ರೊಟ್ಟಿ ಆಗಲೇಬೇಕು. ಈಗಿರುವ ಬಾಡಿಗೆ ಮನೆಯಲ್ಲಿ ಎರಡು ಬರ್ನರಿನ ಹಳೆ ಸ್ಟೀಲ್ ಒಲೆ ಇದೆ. ಸಿಲಿಂಡರ್ ಸುಮಾರು 35 ದಿನ ಬರುತ್ತದೆ.

ಹೆಂಡತಿಗೆ ಕಲ್ಲು ಕೊರೆದು ಒಳಗೆ ಕೂರಿಸುವ ಹಾಬ್ ಇಷ್ಟ. ಅವಳ ತಂಗಿಯ ಮನೆಯಲ್ಲಿ ನೋಡಿ ಬಂದಿದ್ದಾಳೆ. ನನಗೆ ಇಂಡಕ್ಷನ್ ಮೇಲೆ ಮನಸ್ಸು. ಕರೆಂಟ್ ಹೇಗೂ ಫ್ರೀ ಅಲ್ವಾ? ಅಂಗಡಿಯವರು ನಾಲ್ಕು ಬರ್ನರಿನ ಗ್ಲಾಸ್ ಟಾಪ್ ತೋರಿಸಿ "ಎಲ್ಲರೂ ಇದನ್ನೇ ಒಯ್ತಾರ್ರಿ" ಅಂತಾರೆ. ಅವ್ವ ಮಾತ್ರ ಏನೂ ಹೇಳುತ್ತಿಲ್ಲ. ಅದೇ ನನಗೆ ಭಯ.

ಬಳಸಿ ನೋಡಿದವರು ಹೇಳಿ.

ಸಂಜೆ ಚಹಾ | ಭಾನುವಾರ, ರಾತ್ರಿ 9.52

ಗ್ಲಾಸ್ ಟಾಪ್ ತಗೊಳ್ಳಿ ಅಣ್ಣಾ. ನಮ್ಮಲ್ಲಿ ಮೂರು ವರ್ಷದಿಂದ ಇದೆ. ಬಟ್ಟೆಯಿಂದ ಒರೆಸಿದರೆ ಮುಗೀತು. ಇಷ್ಟು ಯೋಚನೆ ಯಾಕೆ?

ಬೀದರ್ ಕೋಟೆ ಓಣಿ | ಭಾನುವಾರ, ರಾತ್ರಿ 10.15

ನಾನು ಉಲ್ಟಾ ಹೇಳುತ್ತೇನೆ. ನಮ್ಮ ಗ್ಲಾಸ್ ಟಾಪ್ ಹದಿನಾಲ್ಕು ತಿಂಗಳಿಗೆ ಒಡೆಯಿತು. ಅದೂ ಯಾರೂ ಮುಟ್ಟದೇ ಇದ್ದಾಗ.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ. ಹೊಲಕ್ಕೆ ಒಯ್ಯಲು ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡಬು ಎಲ್ಲಾ ಆಗಬೇಕಿತ್ತು. ಬೆಳಿಗ್ಗೆ ಐದರಿಂದ ಹಂಚು ಇಳಿಸಿರಲಿಲ್ಲ. ಒಲೆ ಆರಿಸಿ, ಎಲ್ಲರೂ ಪಡಸಾಲೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆವು. ಒಳಗೆ ಪಟಾಕಿ ಹೊಡೆದ ಸದ್ದು. ಹೋಗಿ ನೋಡಿದರೆ ಗಾಜು ಪೂರ್ತಿ ಜೋಳದ ಕಾಳಿನಷ್ಟು ಚೂರು. ಭಜ್ಜಿ ಪಲ್ಯದ ಬೋಗಾಣಿ ಒಲೆಯ ಮೇಲೇ ಇತ್ತು. ಅಷ್ಟೂ ಚೆಲ್ಲಿದೆವು.

ಅಂಗಡಿಗೆ ಹೋದರೆ "ಗಾಜಿಗೆ ಗ್ಯಾರಂಟಿ ಇಲ್ಲ" ಅಂದರು. ಕಾರಣ ಆಮೇಲೆ ತಿಳಿಯಿತು. ಈ ಗಾಜನ್ನು ಬಿಸಿ ಮಾಡಿ ಒಮ್ಮೆಲೇ ತಣಿಸಿ ಗಟ್ಟಿ ಮಾಡಿರುತ್ತಾರೆ. ಮೇಲ್ಮೈ ಬಿಗಿಯಾಗಿ ಅದುಮಿಕೊಂಡಿರುತ್ತದೆ, ಒಳಗೆ ಎಳೆತ ಇರುತ್ತದೆ. ಅಂಚಿಗೆ ಒಂದು ಸಣ್ಣ ಪೆಟ್ಟು ಬಿದ್ದಿದ್ದರೂ ಯಾವತ್ತೋ ಒಂದು ದಿನ ಬಿಸಿ-ತಂಪಿನಲ್ಲಿ ಪೂರ್ತಿ ಹೋಗುತ್ತದೆ. ಸೀಳು ಬಿಟ್ಟು ನಿಲ್ಲುವ ಜಾತಿ ಅಲ್ಲ ಅದು.

ಇನ್ನೊಂದು, ನಮ್ಮ ಹಂಚು ದೊಡ್ಡದು. ಬರ್ನರಿಗಿಂತ ಮೂರು ಪಟ್ಟು ಅಗಲ. ಉರಿ ಹಂಚಿಗೆ ಬಡಿದು ಕೆಳಗೆ ತಿರುಗಿ ಗಾಜನ್ನೇ ಕಾಯಿಸುತ್ತದೆ. ಅನ್ನ, ಸಾರು ಮಾಡುವವರಿಗೆ ಇದು ಅನುಭವಕ್ಕೆ ಬರುವುದಿಲ್ಲ. ಸಂಜೆ ಚಹಾ ಅವರೇ, ನಿಮ್ಮ ಮನೆಯಲ್ಲಿ ರೊಟ್ಟಿ ಎಷ್ಟು ಬಡಿಯುತ್ತೀರಿ?

ಸಂಜೆ ಚಹಾ | ಭಾನುವಾರ, ರಾತ್ರಿ 10.21

ನಾವು ಖಾನಾವಳಿಯಿಂದ ತರಿಸುತ್ತೇವೆ 😀

ಬೀದರ್ ಕೋಟೆ ಓಣಿ | ಭಾನುವಾರ, ರಾತ್ರಿ 10.22

ಅಷ್ಟೇ ಮತ್ತೆ.

ಶಹಾಪುರ ಟೀಚರ್ | ಭಾನುವಾರ, ರಾತ್ರಿ 10.50

ನಾನು ನಾಲ್ಕು ವರ್ಷದಿಂದ ಬರೀ ಇಂಡಕ್ಷನ್ ಮೇಲೆ ಬದುಕಿದವಳು. ಒಬ್ಬಳೇ ಇರುವ ಬಾಡಿಗೆ ಕೋಣೆ, ಗ್ಯಾಸ್ ಕನೆಕ್ಷನ್ ಇರಲಿಲ್ಲ. ಹಾಲು, ಚಹಾ, ಅನ್ನ, ಬೇಳೆ, ಉಪ್ಪಿಟ್ಟು, ಎಲ್ಲಾ ಆಗುತ್ತದೆ. ಒಂದು ಲೀಟರ್ ನೀರು ಗ್ಯಾಸಿಗಿಂತ ಬೇಗ ಕುದಿಯುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಗೊತ್ತಲ್ಲ. ಫ್ಯಾನ್ ಹಚ್ಚಿಕೊಂಡು ಅಡುಗೆ ಮಾಡಬಹುದು. ಗ್ಯಾಸ್ ಮುಂದೆ ಫ್ಯಾನ್ ಹಚ್ಚೋಕೆ ಬರಲ್ಲ.

ಆದರೆ ಎರಡು ಮಾತು. ಕಡಿಮೆ ಉರಿ ಅನ್ನುವುದು ಅಗ್ಗದ ಇಂಡಕ್ಷನ್‌ನಲ್ಲಿ ಸುಳ್ಳು. 300 ವ್ಯಾಟ್ ಅಂತ ತೋರಿಸುತ್ತದೆ. ನಿಜವಾಗಿ ಸ್ವಲ್ಪ ಹೊತ್ತು ಜೋರಾಗಿ ಉರಿದು, ಸ್ವಲ್ಪ ಹೊತ್ತು ಪೂರ್ತಿ ಬಂದ್ ಆಗುತ್ತದೆ. ಹಾಲು ಒಮ್ಮೆ ಏಳುತ್ತದೆ, ಒಮ್ಮೆ ಬೀಳುತ್ತದೆ. ಕೊಳ್ಳುವಾಗ ಈ ಸಂಗತಿ ಕೇಳಿ ತಗೊಳ್ಳಿ.

ಎರಡನೆಯದು ಜಿರಳೆ. ನಗಬೇಡಿ. ಕೆಳಗೆ ಫ್ಯಾನ್ ಇರುತ್ತದೆ, ಬೆಚ್ಚಗಿರುತ್ತದೆ, ಕತ್ತಲೆ. ಒಂದು ಮಳೆಗಾಲದಲ್ಲಿ ಒಳಗೆ ಸಂಸಾರ ಹೂಡಿ ಸರ್ಕ್ಯೂಟ್ ಸುಟ್ಟುಹಾಕಿದವು. ಈಗ ರಾತ್ರಿ ಒರೆಸಿ, ಎತ್ತಿ, ಬಟ್ಟೆ ಚೀಲದಲ್ಲಿ ಇಡುತ್ತೇನೆ.

ರೊಟ್ಟಿಯ ವಿಷಯ ನಾನು ಮಾತಾಡಲ್ಲ. ಪ್ರಯತ್ನ ಮಾಡಿದ್ದೆ. ಅದನ್ನು ರೊಟ್ಟಿ ಅಂದರೆ ನಮ್ಮವ್ವ ಬೈತಾಳೆ.

ರೊಟ್ಟಿ ಕಾಕು | ಸೋಮವಾರ, ಬೆಳಿಗ್ಗೆ 11.30

ತಮ್ಮಾ, ಈಗ ಕೈ ಖಾಲಿ ಆಯಿತು, ಅದಕ್ಕೆ ತಡ. ನಾನು ಮನೆಯಲ್ಲೇ ರೊಟ್ಟಿ ಮಾಡಿ ಮಾರುವವಳು. ಶಹಾಬಜಾರ್ ಕಡೆ. ಇಪ್ಪತ್ತು ವರ್ಷ ಆಯಿತು. ಒಲೆ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕು ಇದೆ ಅಂದುಕೊಂಡಿದ್ದೇನೆ.

ಮೊದಲು ಒಂದು ತಿಳಿದುಕೊಳ್ಳಿ. ಗೋಧಿ ಚಪಾತಿ ಯಾವ ಒಲೆಯ ಮೇಲಾದರೂ ಆಗುತ್ತದೆ. ಜೋಳಕ್ಕೆ ಗೋಧಿಯ ಹಾಗೆ ಅಂಟಿಲ್ಲ. ಬಿಸಿನೀರು ಹಾಕಿ ನಾದಿ, ಬಡಿದು, ಹರಿಯದ ಹಾಗೆ ಎತ್ತಿ ಹಂಚಿಗೆ ಹಾಕುತ್ತೇವೆ. ಮೇಲೆ ನೀರು ಸವರುತ್ತೇವೆ. ಆ ನೀರು ಆರುವ ಹೊತ್ತಿಗೆ ತಿರುವಬೇಕು. ಹಂಚು ನಡುವೆ ಎಷ್ಟು ಕಾದಿದೆಯೋ ಅಂಚಿಗೂ ಹೆಚ್ಚುಕಡಿಮೆ ಅಷ್ಟೇ ಕಾದಿರಬೇಕು. ಕೊನೆಗೆ ಹಂಚು ಸರಿಸಿ, ರೊಟ್ಟಿಯನ್ನು ಉರಿಗೆ ಒಡ್ಡಿದರೆ ಉಬ್ಬುತ್ತದೆ. ಉಬ್ಬಿದರೆ ಎರಡು ಪದರ. ಉಬ್ಬದಿದ್ದರೆ ಚಕ್ಕೆ.

ಇಂಡಕ್ಷನ್‌ನಲ್ಲಿ ಏನಾಗುತ್ತದೆ? ಒಳಗಿನ ತಾಮ್ರದ ಸುರುಳಿ ಒಂದು ಗೇಣು ಅಗಲ ಅಷ್ಟೇ. ಹಂಚು ಅದಕ್ಕಿಂತ ದೊಡ್ಡದು. ನಡುವೆ ಕರಕು, ಅಂಚು ಹಸಿ. ನಮ್ಮ ಹಂಚಿನ ತಳ ಸ್ವಲ್ಪ ತಗ್ಗು ಇರುತ್ತದೆ, ಗಾಜಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಬುಗುರಿಯ ಹಾಗೆ ತಿರುಗುತ್ತದೆ. ಸರಿಸಿದರೆ "ಕೀಂ" ಅಂತ ಕೂಗಿ ಬಂದ್ ಆಗುತ್ತದೆ. ಜಾಸ್ತಿ ಕಾದರೆ ತಾನೇ ಉರಿ ಕಡಿಮೆ ಮಾಡುತ್ತದೆ. ರೊಟ್ಟಿ ಸುಡಲು ಬೆಂಕಿಯೇ ಇಲ್ಲ. ಮೇಲಾಗಿ ಬಡಿಯುವ ಹಿಟ್ಟು ಹಾರಿ ಆ ಫ್ಯಾನಿನೊಳಗೆ ಹೋಗುತ್ತದೆ. ನನ್ನ ಮಗ ತಂದುಕೊಟ್ಟಿದ್ದ. ಒಂದು ವಾರ ನೋಡಿ, ನೀರು ಕಾಯಿಸಲು ಇಟ್ಟುಕೊಂಡೆ. ಹಿಟ್ಟು ನಾದಲು ಬಿಸಿನೀರು ಬೇಕಲ್ಲ, ಅದಕ್ಕೆ ಬಹಳ ಚಲೋ ಇದೆ.

ಅದಕ್ಕೆ ನಾನು ಹೇಳುವುದು: ನಿಮ್ಮ ಮನೆಗೆ ಯಾವ ಒಲೆ ಅಂತ ಹೇಳುವುದು ರೊಟ್ಟಿ. ನೀವಲ್ಲ, ಅಂಗಡಿಯವನೂ ಅಲ್ಲ. ಮೊದಲು ರೊಟ್ಟಿಗೆ ಒಂದು ಒಳ್ಳೆ ಉರಿ ನೋಡಿ. ಆಮೇಲೆ ಉಳಿದದ್ದಕ್ಕೆ ಏನು ಬೇಕಾದರೂ ತಗೊಳ್ಳಿ.

ಅಂಗಡಿಗೆ ಹೋಗುವಾಗ ಅವ್ವನ ಹಂಚನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಚಿಕೆ ಬೇಡ. ಒಲೆಯ ಮೇಲೆ ಇಟ್ಟು ನೋಡಿ. ಅಲ್ಲಾಡಬಾರದು. ಪಕ್ಕದ ಬರ್ನರ್ ಮೇಲೆ ಬೇಳೆಯ ಕುಕ್ಕರ್ ಇಡಲು ಜಾಗ ಉಳಿಯಬೇಕು. ನಾಲ್ಕು ಬರ್ನರಿನ ಒಲೆಯಲ್ಲಿ ಒಂದು ಹಂಚು ಇಟ್ಟರೆ ಎರಡು ಬರ್ನರ್ ಸುಮ್ನೆ ಮುಚ್ಚಿಹೋಗುತ್ತವೆ. ದುಡ್ಡು ನಾಲ್ಕರದ್ದು, ಉಪಯೋಗ ಎರಡರದ್ದು.

ಅವ್ವ ಯಾಕೆ ಸುಮ್ಮನಿದ್ದಾಳೆ ಅಂತ ಕೇಳಿದೆಯಲ್ಲ. ಅವಳನ್ನು ಕೇಳಿದ್ದೀಯಾ?

ಲೆಕ್ಕದ ಮನುಷ್ಯ | ಸೋಮವಾರ, ಮಧ್ಯಾಹ್ನ 2.10

ಕಾಕು ಹೇಳಿದ್ದು ಸರಿ. ನಾನು ದುಡ್ಡಿನ ಕಡೆಯಿಂದ ಬರುತ್ತೇನೆ. "ಕರೆಂಟ್ ಫ್ರೀ" ಅನ್ನುವ ಮಾತು ನೋಡಿ ಕೈ ತುರಿಸಿತು.

ಮನೆ ಸಿಲಿಂಡರ್‌ನಲ್ಲಿ 14.2 ಕಿಲೋ ಗ್ಯಾಸ್. ಒಂದು ಕಿಲೋದಲ್ಲಿ ಸುಮಾರು 12.8 ಯೂನಿಟ್ ಕರೆಂಟಿಗೆ ಸಮನಾದ ಶಾಖ. ಒಟ್ಟು 180 ಯೂನಿಟ್ ಅನ್ನಿ. ಅಷ್ಟೂ ಪಾತ್ರೆಗೆ ಹೋಗುವುದಿಲ್ಲ. ಐಎಸ್‌ಐ ಗುರುತಿನ ಒಲೆಗೆ ಕನಿಷ್ಠ 68% ದಕ್ಷತೆ ಇರಬೇಕು ಅಂತ ನಿಯಮ. ಅದು ಪ್ರಯೋಗಶಾಲೆಯಲ್ಲಿ. ಮನೆಯಲ್ಲಿ ಗಾಳಿ, ಸಣ್ಣ ಪಾತ್ರೆ, ಕಟ್ಟಿದ ಬರ್ನರ್ ಎಲ್ಲಾ ಸೇರಿ 60% ಹಿಡಿಯೋಣ. ಪಾತ್ರೆಗೆ ಸಿಕ್ಕಿದ್ದು 108 ಯೂನಿಟ್.

ಇಂಡಕ್ಷನ್‌ಗೆ 85% ಹಿಡಿಯೋಣ. ಅಷ್ಟೇ ಶಾಖಕ್ಕೆ ಸುಮಾರು 127 ಯೂನಿಟ್ ಬೇಕು. ತೆರಿಗೆ ಸೇರಿ ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೆ 890 ರೂಪಾಯಿ. ಸಿಲಿಂಡರ್ 900 ಅಂತ ಹಿಡಿದರೆ? ಹತ್ತು ರೂಪಾಯಿ ವ್ಯತ್ಯಾಸ. ಅಂದರೆ ದುಡ್ಡು ಕೊಟ್ಟು ಕರೆಂಟ್ ಉರಿಸುವವರಿಗೆ ಎರಡೂ ಒಂದೇ. ಉಳಿಯುತ್ತದೆ ಅಂತ ಇಂಡಕ್ಷನ್ ತಗೊಳ್ಳಬೇಡಿ. ನಿಮ್ಮ ಊರಿನ ಇವತ್ತಿನ ದರ ಹಾಕಿ ನೀವೇ ಒಮ್ಮೆ ಗುಣಿಸಿ ನೋಡಿ.

ಸೇಡಂ ರೋಡ್ ಹೊಸಮನೆ | ಸೋಮವಾರ, ಮಧ್ಯಾಹ್ನ 2.25

ಆದರೆ ಗೃಹಜ್ಯೋತಿ ಇದೆಯಲ್ಲ? 200 ಯೂನಿಟ್ ತನಕ ಬಿಲ್ಲೇ ಇಲ್ಲ. ಹಾಗಾದರೆ ಇಂಡಕ್ಷನ್ ಪೂರ್ತಿ ಉಳಿತಾಯ ಅಲ್ವಾ?

ಲೆಕ್ಕದ ಮನುಷ್ಯ | ಸೋಮವಾರ, ಮಧ್ಯಾಹ್ನ 2.58

ಅಲ್ಲ. ಇದನ್ನೇ ಬಹಳ ಜನ ತಪ್ಪು ತಿಳಿದುಕೊಂಡಿದ್ದಾರೆ.

2023ರ ಜುಲೈಯಿಂದ ಬಂದ ಯೋಜನೆ ಅದು. 200 ಅನ್ನುವುದು ಮೇಲಿನ ಮಿತಿ. ನಿಮಗೆ ಸಿಗುವುದು 200 ಅಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅದಕ್ಕೆ 10% ಸೇರಿಸಿ ಅಷ್ಟು ಫ್ರೀ. ಅದಕ್ಕಿಂತ ಮೇಲೆ ಹೋದರೆ ಹೆಚ್ಚಾದ ಯೂನಿಟ್ಟಿಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ನಿಮ್ಮದು ಹೊಸ ಮನೆ. ಹಳೆ ಲೆಕ್ಕವೇ ಇಲ್ಲ. ಅಂಥವರಿಗೆ ರಾಜ್ಯದ ಸರಾಸರಿ 53 ಯೂನಿಟ್, ಅದಕ್ಕೆ 10% ಸೇರಿಸಿ 58. ಐದು ಜನರ ಮನೆಯಲ್ಲಿ ಫ್ರಿಜ್, ಫ್ಯಾನ್, ಮೋಟಾರ್ ಸೇರಿದರೆ 58 ಎರಡು ವಾರಕ್ಕೆ ಮುಗಿಯುತ್ತದೆ. ಇಂಡಕ್ಷನ್ ಉರಿಸುವ ಪ್ರತಿ ಯೂನಿಟ್ಟಿಗೂ ನೀವು ದುಡ್ಡು ಕೊಡುತ್ತೀರಿ.

ಇನ್ನು ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಹಗಲು ರಾತ್ರಿ. ಬರೀ ಅದರಿಂದ 160-170 ಮುಟ್ಟಿದಿರಿ ಅನ್ನಿ. ಅರ್ಧ ಅಡುಗೆ ಇಂಡಕ್ಷನ್ ಮೇಲೆ ಮಾಡಿದರೆ ತಿಂಗಳಿಗೆ ಮತ್ತೆ 55 ಯೂನಿಟ್. 200 ದಾಟಿತು. ಸಿಗುತ್ತಿದ್ದ 58 ಕೂಡ ಹೋಯಿತು. ಅದೇ 400 ರೂಪಾಯಿ.

ತಮಾಷೆ ನೋಡಿ, ಇಂಡಕ್ಷನ್ ಬಹಳ ಬೇಕಾಗುವ ತಿಂಗಳಲ್ಲೇ ಅದು ತುಟ್ಟಿ.

ಶಹಾಪುರ ಟೀಚರ್ | ಸೋಮವಾರ, ಮಧ್ಯಾಹ್ನ 3.20

ಒಬ್ಬಳೇ ಇರುವ ನನ್ನಂಥವರಿಗೆ ಈ ಲೆಕ್ಕ ಬೇರೆ ಸರ್. ನನ್ನ ಬಿಲ್ ಸೊನ್ನೆಯೇ ಬರುತ್ತಿದೆ. ಆದರೆ 2022-23ರಲ್ಲೂ ನಾನು ಇಂಡಕ್ಷನ್ ಬಳಸುತ್ತಿದ್ದೆ, ಅದಕ್ಕೆ ಸರಾಸರಿಯೇ ಜಾಸ್ತಿ ಇದೆ. ಆಗ ಬೈದುಕೊಂಡು ಕಟ್ಟಿದ ಬಿಲ್ಲು ಈಗ ಕಾಯುತ್ತಿದೆ.

ವೈರಿಂಗ್ ಮಾಮಾ | ಸೋಮವಾರ, ರಾತ್ರಿ 8.05

ಒಲೆ ಯಾವುದಾದರೂ ತಗೊಳ್ಳಿ. ಪ್ಲಾಸ್ಟರ್ ಮುಗಿದಿದೆ ಅಂದಿರಿ. ಟೈಲ್ಸ್ ಹಾಕುವ ಮುಂಚೆ ನನ್ನ ಮಾತು ಕೇಳಿ.

2000 ವ್ಯಾಟ್ ಇಂಡಕ್ಷನ್ 230 ವೋಲ್ಟಿಗೆ 8.7 ಆಂಪಿಯರ್ ಎಳೆಯುತ್ತದೆ. ಮಿಕ್ಸರ್ ಹಾಕುವ ಸಣ್ಣ ಸಾಕೆಟ್ 6 ಆಂಪಿಯರ್‌ನದ್ದು. ಅದಕ್ಕೆ ಚುಚ್ಚಿದರೆ ಮೊದಲ ದಿನ ಏನೂ ಆಗಲ್ಲ. ಮೂರು ತಿಂಗಳಿಗೆ ಪ್ಲಗ್ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಸುಟ್ಟ ವಾಸನೆ. ನಾನು ವರ್ಷಕ್ಕೆ ಎಷ್ಟು ಇಂಥ ಸಾಕೆಟ್ ಬಿಚ್ಚುತ್ತೇನೆ ಅಂತ ಲೆಕ್ಕ ಇಟ್ಟಿಲ್ಲ.

16 ಆಂಪಿಯರ್ ಪವರ್ ಪಾಯಿಂಟ್ ಬೇಕು. ಡಿಬಿಯಿಂದ (ಮನೆಯ ಮುಖ್ಯ ಸ್ವಿಚ್ ಪೆಟ್ಟಿಗೆ) ನೇರ ಬೇರೆ ಲೈನ್, 4 ಚದರ ಮಿಲಿಮೀಟರ್ ತಾಮ್ರದ ವೈರ್, ಅದಕ್ಕೇ ಒಂದು ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್. ಇಂಡಕ್ಷನ್ ತಗೊಳ್ಳದಿದ್ದರೂ ಎಳೆಸಿಡಿ. ಗೋಡೆ ಒಡೆಯುವ ಖರ್ಚು ಆಮೇಲೆ ಹತ್ತು ಪಟ್ಟು. ಪಾಯಿಂಟ್ ಗ್ಯಾಸ್ ಒಲೆಯ ಹಿಂದೆ ಬೇಡ, ಸಿಂಕ್ ಪಕ್ಕವೂ ಬೇಡ.

ಅರ್ತಿಂಗ್ ಖಂಡಿತ ಬೇಕು. ಸ್ಟೀಲ್ ಬೋಗಾಣಿ ಮುಟ್ಟಿದಾಗ ಜುಂ ಅಂದರೆ ಅರ್ತ್ ಇಲ್ಲ ಅಂತ ಅರ್ಥ. ಚಪ್ಪಲಿ ಹಾಕಿಕೊಂಡು ಅಡುಗೆ ಮಾಡಿ ಅಂತ ಹೇಳುವವನ ಮಾತು ಕೇಳಬೇಡಿ, ಅರ್ತ್ ಸರಿ ಮಾಡಿಸಿ.

ಕರೆಂಟ್ ಕೊಡುವ ಜೆಸ್ಕಾಂಗೆ ಅರ್ಜಿ ಹಾಕುವಾಗ ಲೋಡ್ ಒಂದು ಕಿಲೋವ್ಯಾಟ್ ಅಂತ ಬರೆಸಬೇಡಿ. ಗೀಸರ್ ಇದೆಯಾ? ಇಂಡಕ್ಷನ್ ಮತ್ತು ಗೀಸರ್ ಬೆಳಿಗ್ಗೆ ಒಟ್ಟಿಗೆ ನಡೆದರೆ ನಾಲ್ಕು ಕಿಲೋವ್ಯಾಟ್ ಆಯಿತು. ನಿಗದಿ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತದೆ, ಅದನ್ನೂ ನೋಡಿಕೊಳ್ಳಿ.

ಮನೆಯ ಸಾಮಾನ್ಯ ಇನ್ವರ್ಟರ್ ಮೇಲೆ ಇಂಡಕ್ಷನ್ ನಡೆಯುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನಡೆಯಲ್ಲ.

ಆಳಂದ ರೈತ | ಸೋಮವಾರ, ರಾತ್ರಿ 9.15

ನಮ್ಮ ಹೊಲದಲ್ಲಿ ತೊಗರಿ ಕಟ್ಟಿಗೆ ರಾಶಿ ಬಿದ್ದಿದೆ, ಬೇಕಾದರೆ ಒಯ್ಯಿರಿ. ಅದರ ಉರಿಯ ರೊಟ್ಟಿಯ ರುಚಿ ಯಾವ ಒಲೆಗೂ ಬರಲ್ಲ.

ತಮಾಷೆ ಬಿಡಿ. ಹೊಗೆಯಿಂದ ನಮ್ಮವ್ವನ ಕಣ್ಣು ಹೋಗುವ ಹಾಗಾಗಿತ್ತು. ಈಗ ಹಿತ್ತಲಲ್ಲಿ ಸಗಣಿ ಗ್ಯಾಸ್ ಇದೆ. ಊರಲ್ಲಿ ದನ ಇರುವವರಿಗೆ ಹೇಳುತ್ತೇನೆ: ಅದಕ್ಕೆ ಅಂಗಡಿಯ ಎಲ್‌ಪಿಜಿ ಒಲೆ ಹಾಗೇ ಹಚ್ಚಿದರೆ ಉರಿಯಲ್ಲ. ಅದರ ಒತ್ತಡ ಕಡಿಮೆ, ಜೆಟ್ಟಿನ (ಗ್ಯಾಸ್ ಹೊರಬರುವ ಸಣ್ಣ ಮೂತಿ) ತೂತು ದೊಡ್ಡದು ಬೇಕು. ಅದರದ್ದೇ ಒಲೆ ಸಿಗುತ್ತದೆ. ಚಳಿಗಾಲದಲ್ಲಿ ಗ್ಯಾಸ್ ಕಡಿಮೆ ಬರುತ್ತದೆ, ಆಗ ಮತ್ತೆ ತೊಗರಿ ಕಟ್ಟಿಗೆಯೇ.

ಪೇಟೆಯವರಿಗೆ ಇದರಿಂದ ಏನೂ ಉಪಯೋಗ ಇಲ್ಲ, ಗೊತ್ತು. ಸುಗ್ಗಿ ಮುಗಿದಿದೆ, ಬಿಡುವಾಗಿದ್ದೇನೆ.

ಒಲೆ ರಿಪೇರಿ | ಮಂಗಳವಾರ, ಬೆಳಿಗ್ಗೆ 10.40

ನಾನು ಸೂಪರ್ ಮಾರ್ಕೆಟ್ ಹತ್ತಿರ ಒಲೆ ರಿಪೇರಿ ಮಾಡುವವನು. ಮಾರುವವನಲ್ಲ, ಹಾಗಾಗಿ ಯಾವುದರ ಮೇಲೂ ಪ್ರೀತಿ ಇಲ್ಲ.

ಮೊದಲು ಹಾಬ್. ನೋಡಲು ಚೆಂದ, ಸುಳ್ಳಲ್ಲ. ಆದರೆ ಒಮ್ಮೆ ಗ್ರಾನೈಟ್ ಕೊರೆದರೆ ಆ ಅಳತೆಗೆ ನೀವು ಕಟ್ಟಿಬಿದ್ದ ಹಾಗೆ. ಹತ್ತು ವರ್ಷದ ನಂತರ ಬೇರೆ ಕಂಪನಿಯ ಹಾಬ್ ತಂದರೆ ತೂತಿನ ಅಳತೆ ಬೇರೆ. ದೊಡ್ಡ ತೂತನ್ನು ಸಣ್ಣದು ಮಾಡಲು ಬರುವುದಿಲ್ಲ. ನಮ್ಮ ಕಡೆ ಹಳೆ ಮನೆಗಳಲ್ಲಿ ಕಟ್ಟೆಗೆ ಶಹಾಬಾದ್ ಕಲ್ಲು ಹಾಕಿರುತ್ತಾರೆ. ಅದು ಪದರ ಪದರ ಇರುವ ಸುಣ್ಣದ ಕಲ್ಲು, ಕೊರೆಯುವಾಗ ಮೂಲೆಯಿಂದ ಸೀಳುತ್ತದೆ. ಗ್ರಾನೈಟ್ ಆದರೆ ತಡೆಯುತ್ತದೆ, ಆದರೂ ತೂತಿನ ಮುಂದಿನ ಪಟ್ಟಿ ಸಣ್ಣದಾಗಿ ಉಳಿದರೆ ಅಲ್ಲೇ ಮುರಿಯುತ್ತದೆ. ಹಾಬ್ ಮೇಲೂ ಅದೇ ಗಾಜು. ಬೀದರಿನವರು ಹೇಳಿದ ಕಥೆ ಅದಕ್ಕೂ ಅನ್ವಯ. ರಿಪೇರಿಗೆ ಪೂರ್ತಿ ಎತ್ತಬೇಕು. ಸಾದಾ ಒಲೆಯನ್ನು ನೀವು ನನ್ನ ಅಂಗಡಿಗೆ ಸ್ಕೂಟರಿನಲ್ಲಿ ತರಬಹುದು.

ರೊಟ್ಟಿ ಮನೆಗೆ ನನ್ನ ಆಯ್ಕೆ ಸ್ಟೀಲ್ ಮೈ, ಹಿತ್ತಾಳೆ ಬರ್ನರ್, ಬೀಡಿನ (ಎರಕದ ಕಬ್ಬಿಣ) ಭಾರದ ಸ್ಟ್ಯಾಂಡ್. ತೆಳು ತಂತಿಯ ಸ್ಟ್ಯಾಂಡ್ ಹಂಚಿನ ಭಾರಕ್ಕೆ ಒಂದು ವರ್ಷಕ್ಕೆ ಬಾಗುತ್ತದೆ. ಬರ್ನರ್ ಕೈಯಲ್ಲಿ ಎತ್ತಿ ನೋಡಿ, ಭಾರ ಇರಬೇಕು. ಅಗ್ಗದ ಮಿಶ್ರಲೋಹದ ಬರ್ನರ್ ಉಪ್ಪುನೀರು ಉಕ್ಕಿ ಉಕ್ಕಿ ತೂತು ತೂತಾಗುತ್ತದೆ.

ಉರಿ ಹಳದಿ ಆದರೆ, ಬೋಗಾಣಿ ಕಪ್ಪಾದರೆ, ಗಾಳಿ ಸರಿ ಸೇರುತ್ತಿಲ್ಲ ಅಂತ. ಗ್ಯಾಸೂ ವ್ಯರ್ಥ, ವಿಷದ ಹೊಗೆಯೂ ಏಳುತ್ತದೆ. ಬಹಳ ಸಲ ಬರೀ ಹಿಟ್ಟು ಕಟ್ಟಿರುತ್ತದೆ. ರೊಟ್ಟಿ ಮನೆಗಳಲ್ಲಿ ಇದು ಬಹಳ. ಬರ್ನರ್ ಬಿಸಿನೀರಿನಲ್ಲಿ ನೆನೆಸಿ ಬ್ರಷ್ ಹಾಕಿ. ಜೆಟ್ಟಿಗೆ ಮಾತ್ರ ದಪ್ಪ ಸೂಜಿ ಚುಚ್ಚಬೇಡಿ, ತೂತು ದೊಡ್ಡದಾದರೆ ಜನ್ಮಪೂರ್ತಿ ಹಳದಿ ಉರಿಯೇ.

ಒಲೆಗೆ ಆರು ಸಾವಿರ ಹಾಕಿ ಪೈಪಿಗೆ ಜುಗ್ಗತನ ಮಾಡುವವರಿದ್ದಾರೆ. ಕೇಸರಿ ಬಣ್ಣದ ಸುರಕ್ಷಾ ಪೈಪ್, ಐಎಸ್‌ಐ ಗುರುತಿನದ್ದು, ಐದು ವರ್ಷಕ್ಕೊಮ್ಮೆ ಬದಲಿಸಿ. ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ನಿಲ್ಲುತ್ತದೆ. ಸಿಲಿಂಡರ್ ಇಡುವ ಗೂಡಿನ ಬಾಗಿಲಿಗೆ ಕೆಳಗಡೆ ಜಾಲರಿ ಇಡಿಸಿ. ಸೋರಿಕೆ ಅನುಮಾನ ಬಂದರೆ ಸೋಪಿನ ನೀರು ಹಚ್ಚಿ ನೋಡಿ, ಕಡ್ಡಿ ಗೀರಬೇಡಿ. ಲೈಟಿನ ಸ್ವಿಚ್ಚೂ ಮುಟ್ಟಬೇಡಿ. ತುರ್ತು ನಂಬರ್ 1906.

ಸಂಜೆ ಚಹಾ | ಮಂಗಳವಾರ, ಬೆಳಿಗ್ಗೆ 11.05

ಇನ್‌ಫ್ರಾರೆಡ್ ಅಂತ ಒಂದು ಬಂದಿದೆಯಲ್ಲ, ಯಾವ ಪಾತ್ರೆ ಇಟ್ಟರೂ ನಡೆಯುತ್ತೆ ಅಂತ ಹೇಳಿದರು?

ಒಲೆ ರಿಪೇರಿ | ಮಂಗಳವಾರ, ಬೆಳಿಗ್ಗೆ 11.20

ಹೌದ್ರಿ. ಗಾಜಿನ ಕೆಳಗೆ ಸುರುಳಿ ಕೆಂಪಗೆ ಕಾಯುತ್ತದೆ. ಜರ್ಮನ್ (ಅಲ್ಯುಮಿನಿಯಂ) ಬೋಗಾಣಿ, ತಾಮ್ರ, ಮಣ್ಣಿನ ಗಡಿಗೆ, ಎಲ್ಲಾ ನಡೆಯುತ್ತದೆ. ಇಂಡಕ್ಷನ್‌ಗೆ ಮಾತ್ರ ಅಯಸ್ಕಾಂತ ಹಿಡಿಯುವ ತಳ ಬೇಕು. ಆದರೆ ಇನ್‌ಫ್ರಾರೆಡ್ ಇಂಡಕ್ಷನ್‌ಗಿಂತ ಜಾಸ್ತಿ ಕರೆಂಟ್ ತಿನ್ನುತ್ತದೆ, ಆರಿಸಿದ ಮೇಲೂ ಹತ್ತು ನಿಮಿಷ ಗಾಜು ಸುಡುತ್ತದೆ. ಮಕ್ಕಳಿರುವ ಮನೆ ಅಂದಿದ್ದಾರೆ, ನಾನಾದರೆ ತರಲ್ಲ.

ಸೇಡಂ ರೋಡ್ ಹೊಸಮನೆ | ಮಂಗಳವಾರ, ರಾತ್ರಿ 9.30

ಇದನ್ನು ಬರೆಯುತ್ತಿರುವವಳು ಅವರ ಹೆಂಡತಿ. ಫೋನ್ ಚಾರ್ಜಿಗೆ ಇಟ್ಟಿದ್ದರು, ಎಲ್ಲಾ ಓದಿದೆ.

ರೊಟ್ಟಿ ಬಗ್ಗೆ ಬಹಳ ಚೆನ್ನಾಗಿ ಹೇಳಿದಿರಿ ಕಾಕು. ಆದರೆ ಒಂದು ಮಾತು. ನಮ್ಮ ಮನೆಯಲ್ಲಿ ಬೆಳಿಗ್ಗೆ ಏಳಕ್ಕೆ ಅಡುಗೆಮನೆಯಲ್ಲಿ ಇಬ್ಬರು ಇರುತ್ತೇವೆ. ಅತ್ತೆ ರೊಟ್ಟಿಗೆ ನಿಂತರೆ ಒಂದು ತಾಸು ಒಲೆ ಅವರದ್ದು. ಮಿಕ್ಕ ಒಂದು ಬರ್ನರಿನಲ್ಲಿ ನಾನು ಚಹಾ, ಹಾಲು, ಬೇಳೆ, ಪಲ್ಯ, ಮಕ್ಕಳ ಡಬ್ಬಿ ಎಲ್ಲಾ ಮುಗಿಸಬೇಕು. ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ, ಫ್ಯಾನ್ ಇಲ್ಲ. ನನಗೆ ಹಾಬ್ ಬೇಕು ಅಂದದ್ದು ಚೆಂದಕ್ಕಲ್ಲ. ಬರ್ನರ್ ಜಾಸ್ತಿ, ಜಾಗ ದೂರ ದೂರ ಇರುತ್ತದೆ ಅಂತ.

ನನಗೆ ಬೇಕಾದ್ದು ಮೂರನೇ ಬರ್ನರ್ ಅಲ್ಲ, ಎರಡನೇ ಒಲೆ. ಅದು ಈಗ ಓದಿದ ಮೇಲೆ ತಿಳಿಯಿತು.

ಇವತ್ತು ಅತ್ತೆಯನ್ನು ಕೇಳಿದೆ. ಏನಂದರು ಗೊತ್ತಾ? "ನನ್ನ ಹಂಚು ಕೂಡೂ ಒಲಿ ಇರ್ಲಿ, ಗುಂಡಿ ತಿರುವಿದ್ರ ಹತ್ತೂದು ಇರ್ಲಿ. ಒತ್ತೂದು ನನಗ ಕಾಣಂಗಿಲ್ಲ." ಅವರಿಗೆ ಮುಟ್ಟುವ ಬಟನ್ ಬೇಡ. ಎರಡು ವರ್ಷದಿಂದ ಕಣ್ಣು ಮಂಜು. ಅದನ್ನು ನಮಗೆ ಹೇಳಿರಲಿಲ್ಲ.

ರೊಟ್ಟಿ ಕಾಕು | ಬುಧವಾರ, ಬೆಳಿಗ್ಗೆ 11.15

ಯವ್ವಾ, ನೀನು ಹೇಳಿದ್ದು ನೂರಕ್ಕೆ ನೂರು. ನಾನು ರೊಟ್ಟಿ ನೋಡಿದೆ, ಪಕ್ಕದಲ್ಲಿ ನಿಂತವಳನ್ನು ನೋಡಲಿಲ್ಲ.

ಇಂಡಕ್ಷನ್ ನಿನಗೆ. ಕಟ್ಟೆಯ ಇನ್ನೊಂದು ತುದಿಯಲ್ಲಿ ಇಟ್ಟುಕೋ, ಹಿಟ್ಟು ಹಾರದಷ್ಟು ದೂರ. ಹಾಲು, ಬೇಳೆ, ಅನ್ನ ಅಲ್ಲಿ. ಕುಕ್ಕರ್ ತಳಕ್ಕೆ ಫ್ರಿಜ್ಜಿನ ಮೇಲಿನ ಅಯಸ್ಕಾಂತ ಹಚ್ಚಿ ನೋಡು, ಹಿಡಿದರೆ ನಡೆಯುತ್ತದೆ. ಹಳೆ ಅಲ್ಯುಮಿನಿಯಂ ಕುಕ್ಕರ್ ಇದ್ದರೆ ನಡೆಯಲ್ಲ. ಒಂದು ಸೀಟಿ ಬಂದ ಮೇಲೆ ಕಡಿಮೆ ಮಾಡು, ನಮ್ಮ ತೊಗರಿ ಬೇಳೆ ಬೇಗ ಬೇಯುತ್ತದೆ.

ಅತ್ತೆಯ ಕಣ್ಣು ಮೊದಲು ತೋರಿಸು. ಬೆಂಕಿ ಮುಂದೆ ಕೂರುವವರು.

ವೈರಿಂಗ್ ಮಾಮಾ | ಬುಧವಾರ, ಬೆಳಿಗ್ಗೆ 11.40

ಹಾಗಾದರೆ ಪವರ್ ಪಾಯಿಂಟ್ ಕಟ್ಟೆಯ ಆ ಇನ್ನೊಂದು ತುದಿಗೆ. ನಾಳೆ ಕಲ್ಲು ಕೂರುವ ಮೊದಲೇ ಪೈಪ್ ಹಾಕಿಸಿ. ಇಂಡಕ್ಷನ್‌ನಲ್ಲೂ ಒತ್ತುವ ಗುಂಡಿಯದ್ದು ಸಿಗುತ್ತದೆ, ಮುಟ್ಟುವುದು ಒದ್ದೆ ಕೈಗೆ ಕೇಳುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಡಾಕ್ಟರನ್ನು ಕೇಳಿಯೇ ತನ್ನಿ, ಎರಡು ಅಡಿ ದೂರ ನಿಲ್ಲಬೇಕು ಅಂತಾರೆ.

ಸೇಡಂ ರೋಡ್ ಹೊಸಮನೆ | ಬುಧವಾರ, ರಾತ್ರಿ 10.00

ಈಗ ನಾನೇ. ಫೋನ್ ಸಿಕ್ಕಿತು.

ಗ್ರಾನೈಟಿನವನಿಗೆ ಕೊರೆಯಬೇಡ ಅಂತ ಹೇಳಿದೆ. "ಛಲೋ ಆತು, ಬ್ಲೇಡ್ ಉಳೀತು" ಅಂದ. ಪಾಯಿಂಟ್ ಇವತ್ತೇ ಎಳೆಸಿದೆ.

ಸೇಡಂ ರೋಡ್ ಹೊಸಮನೆ | ಎರಡೂವರೆ ತಿಂಗಳ ನಂತರ, ಶುಕ್ರವಾರ

ಕೇಳಿದ ಮೇಲೆ ಹೇಳದೇ ಹೋಗಬಾರದು ಅಲ್ವಾ.

ಗೃಹಪ್ರವೇಶ ಆಯಿತು. ಮೂರು ಬರ್ನರಿನ ಸ್ಟೀಲ್ ಒಲೆ ತಂದೆವು. ಎಡಗಡೆ ದೊಡ್ಡ ಬರ್ನರ್, ಅದು ಅವ್ವನದ್ದು. ಇನ್ನೊಂದು ತುದಿಯಲ್ಲಿ ಇಂಡಕ್ಷನ್, 1800 ವ್ಯಾಟ್, ಒತ್ತುವ ಗುಂಡಿ. ಹಾಬಿಗೆ ಇಟ್ಟಿದ್ದ ದುಡ್ಡಿನಲ್ಲಿ ಗೋಡೆಗೆ ಹೊಗೆ ಎಳೆಯುವ ಫ್ಯಾನ್, ಮೂರು ಇಂಡಕ್ಷನ್ ಪಾತ್ರೆ, ಅವ್ವನ ಒಂದು ಕಣ್ಣಿನ ಪೊರೆ ಆಪರೇಷನ್ ಎಲ್ಲಾ ಆಗಿ ಸ್ವಲ್ಪ ಉಳಿಯಿತು. ಇನ್ನೊಂದು ಕಣ್ಣು ಮಳೆಗಾಲದ ನಂತರ.

ಸಿಲಿಂಡರ್ ಮೊದಲು 35 ದಿನ ಬರುತ್ತಿತ್ತು. ಈ ಸಲ 57 ದಿನ ಬಂತು. ಕರೆಂಟ್ ಬಿಲ್ ಏರಿದೆ. ಮೇ ತಿಂಗಳು 200 ದಾಟಿತು, ಲೆಕ್ಕದ ಮನುಷ್ಯರು ಹೇಳಿದ ಹಾಗೇ. ಎರಡೂ ಕೂಡಿಸಿ ಕಳೆದರೆ ಉಳಿದದ್ದು ಏನೂ ಇಲ್ಲ. ಆದರೆ ಅಡುಗೆಮನೆಯಲ್ಲಿ ಮೊಣಕೈ ತಾಗುತ್ತಿಲ್ಲ ಅಂತ ಹೆಂಡತಿ ಬರೆಯಲು ಹೇಳಿದ್ದಾಳೆ.

ಒಂದು ತಪ್ಪಾಯಿತು. ಕಾಕು ಹೇಳಿದ್ದರೂ ನಾನು ಹಂಚು ಒಯ್ಯಲಿಲ್ಲ, ನಾಚಿಕೆ ಆಯಿತು. ಈಗ ದೊಡ್ಡ ಬರ್ನರಿನ ಸ್ಟ್ಯಾಂಡಿನ ನಾಲ್ಕು ಕಾಲು ದೂರ ಇವೆ, ಹಂಚಿನ ತಗ್ಗು ತಳ ನಡುವೆ ಇಳಿದು ಸ್ವಲ್ಪ ವಾಲುತ್ತದೆ. ಅವ್ವ ಒಂದು ಕಡೆ ಚಮಚದ ತುಂಡು ಸಿಕ್ಕಿಸಿ ಬಡಿಯುತ್ತಿದ್ದಾಳೆ. ರೊಟ್ಟಿ ಉಬ್ಬುತ್ತಿದೆ, ಆದರೂ ನೋಡಲು ಆಗಲ್ಲ. ಏನಾದರೂ ದಾರಿ ಇದೆಯಾ?

ರೊಟ್ಟಿ ಕಾಕು | ಶುಕ್ರವಾರ, ಮಧ್ಯಾಹ್ನ 12.10

ಹಂಚು ಒಯ್ಯಲು ನಾಚಿಕೆ, ಚಮಚ ಸಿಕ್ಕಿಸಲು ನಾಚಿಕೆ ಇಲ್ಲ. ಭಲೇ ತಮ್ಮಾ.

ಒಲೆ ರಿಪೇರಿ | ಶುಕ್ರವಾರ, ಮಧ್ಯಾಹ್ನ 12.45

ಬೀಡಿನ ಬಳೆ ಸಿಗುತ್ತದೆ, ಸ್ಟ್ಯಾಂಡ್ ಮೇಲೆ ಕೂರುತ್ತದೆ. ಅಳತೆ ಫೋನಿನಲ್ಲಿ ಹೇಳಿದರೆ ನಡೆಯಲ್ಲ. ಶನಿವಾರ ಸ್ಟ್ಯಾಂಡ್ ಬಿಚ್ಚಿಕೊಂಡು ಬನ್ನಿ. ಹಂಚೂ ತನ್ನಿ.